ಬುಧವಾರದ ಗಂಗಾಳ

ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದಷ್ಟು ವರ್ಷವೂ ನನಗೊಂದು ಕೆಟ್ಟ ಹೆಸರಿತ್ತು. ಜೂನ್ ತಿಂಗಳಲ್ಲಿ ಹೊಸ ಟೈಂಟೇಬಲ್ ಗೋಡೆಗೆ ಅಂಟಿಸಿದ ಕೂಡಲೇ ಹೋಗಿ ಮೊದಲು ಮಧ್ಯಾಹ್ನ ಹನ್ನೆರಡರ ಸಾಲು ನೋಡುತ್ತಿದ್ದೆ. ಅಲ್ಲಿ ಸೈನ್ಸ್ ಹುಡುಗರ ಪ್ರ್ಯಾಕ್ಟಿಕಲ್ ಕಂಡರೆ ಜಗಳ ತೆಗೆಯುತ್ತಿದ್ದೆ. "ಅಕ್ಕೋರಿಗೆ ಪಾಠಕ್ಕಿಂತ ಊಟದ ಚಿಂತಿ ಭಾಳ" ಎಂದು ಜೊತೆಯವರು ನಗುತ್ತಿದ್ದರು. ನಗಲಿ. ಹೊಟ್ಟೆ ತುಂಬಿದವರಿಗೆ ನಗು ಬೇಗ ಬರುತ್ತದೆ. ನನ್ನ ಈ ಹಟ ಹುಟ್ಟಿದ್ದು ವಿಜಾಪುರದ ಜೋರಾಪುರ ಪೇಟೆಯ ಒಂದು ಅಡುಗೆಮನೆಯಲ್ಲಿ, ನಾನಿನ್ನೂ ವಿದ್ಯಾರ್ಥಿಯಾಗಿದ್ದಾಗ.

ಯುದ್ಧ ಮುಗಿದ ಹೊಸತು. ಅಲ್ಲಿಯವರೆಗೆ ನಮ್ಮ ಕಡೆಯ ಹುಡುಗರು ಕಾಲೇಜಿಗೆಂದರೆ ಸೊಲ್ಲಾಪುರ, ಸಾಂಗ್ಲಿ, ಧಾರವಾಡ ಎಂದು ಹೋಗಬೇಕಿತ್ತು. ಈಗ ನಮ್ಮ ವಿಜಾಪುರದಲ್ಲೇ ಕಾಲೇಜಾಗಿತ್ತು, ಅದರಲ್ಲಿ ಸೈನ್ಸ್ ವರ್ಗವೂ ಇತ್ತು. ಆ ವರ್ಗದಲ್ಲಿ ಹೆಣ್ಣು ಅಂತ ಇದ್ದವಳು ನಾನೊಬ್ಬಳೇ. ಬಬಲೇಶ್ವರದ ಒಕ್ಕಲಿಗನ ಮಗಳು ಸೈನ್ಸ್ ಕಲಿತು ಏನಾಗುತ್ತಾಳೆ ಎಂದು ಊರಿಗೆ ಊರೇ ಕೇಳಿತ್ತು. ನನಗೇ ಗೊತ್ತಿರಲಿಲ್ಲ, ಇನ್ನು ಅವರಿಗೇನು ಹೇಳಲಿ? "ಕಲಿತ ಮ್ಯಾಲ ಹೇಳ್ತೀನಿ" ಎಂದು ಉತ್ತರ ಕೊಟ್ಟು ಬಂದಿದ್ದೆ. ಮ್ಯಾಟ್ರಿಕ್ಕಿನಲ್ಲಿ ಒಬ್ಬರು ಮಾಸ್ತರರು ಅರಿಷಿಣದ ನೀರಿಗೆ ಸುಣ್ಣ ಬೆರೆಸಿ, ಅದು ಕೆಂಪಾಗುವುದು ಯಾಕೆ ಎಂದು ಕೇಳಿ, ಉತ್ತರ ಹೇಳದೆ ಹೋಗಿಬಿಟ್ಟಿದ್ದರು. ಓಕುಳಿಯ ನೀರನ್ನು ಹುಟ್ಟಿದಾಗಿನಿಂದ ನೋಡಿದವಳು ನಾನು. ಆ 'ಯಾಕೆ' ಮಾತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಅಪ್ಪ ಒಪ್ಪಿದ್ದ, ಆದರೆ ಒಂದು ಷರತ್ತಿನ ಮೇಲೆ. "ಗಂಡಹುಡುಗರ ಮಗ್ಗಲಕ ಕುಂತೀ ಅಂತ ನನ್ನ ಕಿವಿಗಿ ಬಿತ್ತಂದ್ರ, ಅವತ್ತ ಬಂಡಿ ಹೂಡಿಕೊಂಡು ಬರ್ತೀನಿ. ಆಮ್ಯಾಲ ಅತ್ತು ಕರದು ಮಾಡಿದ್ರ ಕೇಳೂದಿಲ್ಲ." ಅಪ್ಪ ಒಮ್ಮೆ ಹೇಳಿದನೆಂದರೆ ಹೇಳಿದ ಹಾಗೇ. ರವಿವಾರದ ಸಂತೆಗೆ ವಿಜಾಪುರಕ್ಕೆ ಬಂದಾಗಲೆಲ್ಲ ಕೇಳುತ್ತಿದ್ದ: "ಬ್ಯಾರೆ ಬೆಂಚ ಐತಿಲ್ಲೋ?" ನಾನು ಐತಿ ಎನ್ನುತ್ತಿದ್ದೆ. ಸುಳ್ಳಲ್ಲ. ಪಾಠದ ಕೋಣೆಯಲ್ಲಿ ಮಾಸ್ತರರ ಟೇಬಲ್ಲಿನ ಪಕ್ಕ ನನಗಾಗಿಯೇ ಒಂದು ಬೆಂಚು ಹಾಕಿಸಿದ್ದರು. ಲ್ಯಾಬೊರೇಟರಿ ಎಂಬುದೊಂದು ಬೇರೆ ಕೋಣೆ ಇದೆ ಎಂದು ಅಪ್ಪನಿಗೆ ಗೊತ್ತಿರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವ ಚಟ ನನಗೂ ಇರಲಿಲ್ಲ.

ಲ್ಯಾಬಿನಲ್ಲಿ ಗಾಜಿನ ಸಾಮಾನಿಗೆ ಬರ. ಯುದ್ಧದಿಂದಾಗಿ ಹಡಗಿನಲ್ಲಿ ಬರಬೇಕಾದದ್ದು ಬಂದಿರಲಿಲ್ಲ. ಹಾಗಾಗಿ ಇಬ್ಬರಿಗೆ ಒಂದು ಬ್ಯುರೆಟ್, ಅಂದರೆ ಹನಿಹನಿಯಾಗಿ ದ್ರಾವಣ ಬಿಡುವ ತಿರುಪಿನ ಗಾಜಿನ ಕೊಳವೆ, ಮತ್ತು ಒಂದು ಟೇಬಲ್. ಮೊದಲ ದಿನ ಹುಡುಗರೆಲ್ಲ ಜೋಡಿ ಹಿಡಿದುಕೊಂಡು ನನ್ನಿಂದ ದೂರ ಹೋಗಿ ನಿಂತರು. ಒಬ್ಬ ತಡವಾಗಿ ಬಂದ. ಅವನಿಗೆ ಉಳಿದಿದ್ದು ನನ್ನ ಟೇಬಲ್ಲು. ತಿಕೋಟಾದವನು. ಉದ್ದನೆಯ ಕೈಗಳು, ಕರಿ ಟೊಪ್ಪಿಗೆ, ನೆಲ ನೋಡುವ ಕಣ್ಣು. ಕಡೆಗೆ ಅವನೇ ನನ್ನ ಜೋಡಿಯಾದ.

ನಾವು ಮಾತಾಡುತ್ತಿರಲಿಲ್ಲ. ಆಗಿನ ಕಾಲಕ್ಕೆ ಮಾತಾಡುವ ಪ್ರಶ್ನೆಯೇ ಇರಲಿಲ್ಲ. ಅವನು ಬ್ಯುರೆಟ್ಟಿನ ತಿರುಪು ಹಿಡಿಯುತ್ತಿದ್ದ, ನಾನು ಕೆಳಗೆ ಪಾತ್ರೆ ಅಲುಗಾಡಿಸುತ್ತಾ ಬಣ್ಣ ನೋಡುತ್ತಿದ್ದೆ. ನಿಧಾನ ಎನ್ನಲು ಪೆನ್ಸಿಲಿನಿಂದ ಟೇಬಲ್ಲಿಗೆ ಒಮ್ಮೆ ಕುಟ್ಟುತ್ತಿದ್ದೆ, ನಿಲ್ಲಿಸು ಎನ್ನಲು ಎರಡು ಸಲ. ನೀರಿನಂತಿದ್ದದ್ದು ಒಂದೇ ಹನಿಗೆ ಗುಲಾಬಿಯಾಗುತ್ತದೆ. ಆ ಹನಿ ಬಿದ್ದಾಕ್ಷಣ ತಿರುಪು ನಿಲ್ಲಬೇಕು, ಇನ್ನೊಂದು ಹನಿ ಬಿದ್ದರೆ ಮತ್ತೆ ಮೊದಲಿಂದ. ಮೊದಲ ಟರ್ಮಿನಲ್ಲಿ ಇಡೀ ವರ್ಗದಲ್ಲಿ ನಮ್ಮ ಲೆಕ್ಕವೇ ಎಲ್ಲರದಕ್ಕಿಂತ ಸರಿ ಬರುತ್ತಿತ್ತು. ತುಟಿ ಪಿಟಕ್ಕೆನ್ನದೆ ಇಬ್ಬರು ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದನ್ನು ನಾನು ಮುಂದೆಂದೂ ಕಂಡಿಲ್ಲ.

ಎರಡನೇ ಟರ್ಮಿಗೆ ಹೊಸ ಪ್ರೊಫೆಸರರು ಬಂದರು, ಮೈಸೂರು ಕಡೆಯವರು. ಒಳ್ಳೆಯವರು, ಪಾಠವೂ ಚೆನ್ನ. ಆದರೆ ಬಂದವರೇ ಟೈಂಟೇಬಲ್ ತಿದ್ದಿದರು. ಮಧ್ಯಾಹ್ನದ ಸೆಕೆಗೆ ಹುಡುಗರು ತೂಕಡಿಸುತ್ತಾರೆಂದು ಎಲ್ಲ ತಂಡಗಳ ಪ್ರ್ಯಾಕ್ಟಿಕಲ್ಲನ್ನೂ ಹನ್ನೊಂದಕ್ಕೆ ಹಾಕಿದರು, ನಮ್ಮ ತಂಡದ್ದು ಬುಧವಾರ. ಮುಗಿಯುವಾಗ ಮೂರಾಗುತ್ತಿತ್ತು. ನನಗೇನು, ಬುತ್ತಿ ಒಯ್ಯುತ್ತಿದ್ದೆ.

ಅಂದಿನಿಂದ ನನ್ನ ಜೋಡಿಯ ಕೈ ಕೆಟ್ಟಿತು. ಆರಂಭದಲ್ಲಿ ಸರಿಯಾಗಿಯೇ ಇರುತ್ತಿದ್ದ. ಮಧ್ಯಾಹ್ನ ಏರುತ್ತಿದ್ದ ಹಾಗೆ ಬೆರಳು ನಡುಗಲು ಶುರುವಾಗುತ್ತಿತ್ತು. ನಾನು ಎರಡು ಸಲ ಕುಟ್ಟುವಷ್ಟರಲ್ಲಿ ನಾಲ್ಕು ಹನಿ ಬಿದ್ದು ನೀರು ಕೆಂಪಗಾಗಿರುತ್ತಿತ್ತು. ನನ್ನ ಸಿಟ್ಟು ಮೂಗಿನ ತುದಿಯದು. ಪೆನ್ಸಿಲು ಮುರಿಯುವ ಹಾಗೆ ಕುಟ್ಟುತ್ತಿದ್ದೆ. ಅವನು ತಲೆ ಇನ್ನಷ್ಟು ತಗ್ಗಿಸುತ್ತಿದ್ದ. ಹಾಗೆ ತಗ್ಗಿಸಿದಾಗೆಲ್ಲ ಅವನ ಟೊಪ್ಪಿಗೆಯ ಹರಿದ ಅಂಚು ನನ್ನ ಕಣ್ಣೆದುರಿಗೇ ಬರುತ್ತಿತ್ತು. ಯಾರೋ ಕರಿ ಟೊಪ್ಪಿಗೆಗೆ ಬಿಳಿ ದಾರದಿಂದ ಹೊಲಿಗೆ ಹಾಕಿದ್ದರು. ಹೊಲಿಗೆ ಮಾತ್ರ ಇರುವೆ ಸಾಲು ಹೊರಟ ಹಾಗೆ ಒಪ್ಪವಾಗಿತ್ತು.

ಅದೇ ಹೊತ್ತಿಗೆ ನಮ್ಮ ವರ್ಗದ ಹಳ್ಳಿ ಹುಡುಗರು ಒಬ್ಬೊಬ್ಬರಾಗಿ ಆರ್ಟ್ಸಿಗೆ ಹೋಗತೊಡಗಿದರು. ಸೈನ್ಸಿಗೆ ತಲೆ ಬೇಕು, ಹಳ್ಳಿಯವರಿಂದ ಆಗೋದಲ್ಲ ಎಂದು ಪೇಟೆಯ ಹುಡುಗರು ಆಡಿಕೊಂಡರು. ನಾನೂ ಹಳ್ಳಿಯವಳೇ ಆದ್ದರಿಂದ ಮೈ ಉರಿಯುತ್ತಿತ್ತು. ಆದರೆ ಯಾಕೆ ಹೋಗುತ್ತಿದ್ದಾರೆಂದು ನನಗೂ ಹೊಳೆದಿರಲಿಲ್ಲ.

ನಾನಿದ್ದದ್ದು ಜೋರಾಪುರ ಪೇಟೆಯಲ್ಲಿ, ಅಪ್ಪನ ಅಕ್ಕನ ಮನೆಯಲ್ಲಿ. ಅತ್ತೆಗೆ ಗಂಡ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಹಣೆ ತುಂಬ ವಿಭೂತಿ, ಬಾಯಿ ತುಂಬ ಬೈಗುಳ. ಗಂಡ ಇದ್ದಾಗಿನಿಂದ ನಡೆದು ಬಂದಂತೆ ಬುಧವಾರ ಒಬ್ಬ ವಿದ್ಯಾರ್ಥಿಗೆ ವಾರಾನ್ನ ಹಾಕುತ್ತಿದ್ದಳು. ಈಗಿನವರಿಗೆ ಹೇಳಬೇಕು: ಆಗ ಬಡ ಹುಡುಗರು ಮಠದ ಕೋಣೆಯಲ್ಲೋ ಗುಡಿಯಲ್ಲೋ ಇದ್ದುಕೊಂಡು, ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಮಧ್ಯಾಹ್ನದ ಊಟ ಮಾಡಿ ಕಲಿಯುತ್ತಿದ್ದರು. ಅದೂ ಎಲ್ಲ ಜಾತಿಯವರಿಗೆ ಸಿಗುತ್ತಿರಲಿಲ್ಲ. ಸಿಗದವರು ನಮ್ಮ ಕಾಲೇಜಿನ ಬಾಗಿಲವರೆಗೂ ಬಂದಿರಲಿಲ್ಲ, ಅವರು ಯಾಕಿಲ್ಲ ಎಂದು ನಾವು ಕೇಳಿಕೊಂಡೂ ಇರಲಿಲ್ಲ.

ಅತ್ತೆ ಆ ಹುಡುಗನನ್ನು 'ಬುಧವಾರದಾಂವ' ಎನ್ನುತ್ತಿದ್ದಳು. ಅವನು ಬರುವ ಹೊತ್ತಿಗೆ ನಾನು ಕಾಲೇಜಿನಲ್ಲಿರುತ್ತಿದ್ದೆ, ಎಂದೂ ನೋಡಿರಲಿಲ್ಲ. ಹನ್ನೆರಡಕ್ಕೆ ಅತ್ತೆಯ ಪೂಜೆ ಮುಗಿಯುತ್ತಿತ್ತು. ಆಮೇಲೆ ಹಿತ್ತಾಳೆಯ ಗಂಗಾಳದಲ್ಲಿ ಬಿಸಿ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ, ಮೊಸರು. ಬಂದವನು ಉಂಡು ಎದ್ದ ಮೇಲೆಯೇ ಮನೆಯಾಕೆ ಉಣ್ಣಬೇಕು ಎಂಬುದು ಆ ಮನೆಯ ನಡೆ.

ಒಂದು ಬುಧವಾರ ಲ್ಯಾಬಿನಲ್ಲಿ ಆಗಬಾರದ್ದು ಆಯಿತು. ನನ್ನ ಜೋಡಿ ಬ್ಯುರೆಟ್ ಕೆಳಗಿಳಿಸುವಾಗ ಕೈ ಜಾರಿ ಅದು ನೆಲಕ್ಕೆ ಬಿತ್ತು. ಎಲ್ಲರ ಕಣ್ಣೂ ನಮ್ಮ ಟೇಬಲ್ಲಿನ ಮೇಲೆ. ಪ್ರೊಫೆಸರರು ಬಂದರು. ಬೈಯಲಿಲ್ಲ. ಅವನ ಕೈ ಹಿಡಿದು ನೋಡಿದರು, ಅದು ಇನ್ನೂ ನಡುಗುತ್ತಿತ್ತು.

"ನೋಡಪ್ಪಾ, ಬೇಜಾರು ಮಾಡಿಕೊಳ್ಳಬೇಡ. ನಿನಗೆ ಬುದ್ಧಿಯಿದೆ. ಆದರೆ ಈ ಕೈ ಪ್ರಯೋಗಕ್ಕೆ ಒಗ್ಗುವುದಿಲ್ಲ. ಇದನ್ನು ಹಿಡಿದುಕೊಂಡು ಸೈನ್ಸಿನಲ್ಲಿ ಮುಂದೆ ಏನು ಮಾಡುತ್ತೀಯ? ನಾಳೆ ಬಂದು ನನ್ನನ್ನು ಕಾಣು, ಆರ್ಟ್ಸಿಗೆ ಬರೆದುಕೊಡುತ್ತೇನೆ."

ಅವನು "ಹೂನ್ರಿ" ಎಂದ. ನಾನು ಅವನ ದನಿಯನ್ನು ಸರಿಯಾಗಿ ಕೇಳಿದ್ದು ಅವತ್ತೇ.

ಮನೆಗೆ ಬಂದರೆ ಅತ್ತೆ ಪಡಸಾಲೆಯಲ್ಲಿ ಕೂತು ಕೆಂಡ ಕಾರುತ್ತಿದ್ದಳು. ಒಳಗೆ ಗಂಗಾಳ ಮುಚ್ಚಿಟ್ಟಿತ್ತು.

"ಇವತ್ತೂ ಬರಲಿಲ್ಲ ನೋಡ ಬೇ ಬುಧವಾರದಾಂವ! ದಸರಾ ಆದಾಗಿಂದ ಒಂದ ಬುಧವಾರನೂ ಬಂದಿಲ್ಲ. ಹೇಳಿಲ್ಲ, ಕೇಳಿಲ್ಲ. ಅನ್ನಕ್ಕ ಸೊಕ್ಕು ಬಂದೈತಿ ಅವಗ. ಮುಂದಿನ ವಾರದಿಂದ ಬ್ಯಾರೆ ಹುಡುಗನ್ನ ಹಚ್ಚತೀನಿ."

"ನೀ ಉಂಡೀ ಏನ ಅತ್ತಿ?" ಎಂದೆ.

"ಅಂವ ಉಣ್ಣದ ನಾ ಹೆಂಗ ಉಣ್ಣಲಿ? ದೀಪ ಹಚ್ಚೂತನಾ ಕಾಯ್ತೀನಿ. ಆಮ್ಯಾಲ ಒಂದ ತುತ್ತು ತಿಂತೀನಿ."

ನನಗೆ ನಾಚಿಕೆಯಾಯಿತು. ಅತ್ತೆಗೆ ಸೋಮವಾರ ಉಪವಾಸ, ಅಮಾವಾಸ್ಯೆಗೆ ಉಪವಾಸ. ಬುಧವಾರದ್ದೂ ಅಂಥದೇ ಒಂದು ವ್ರತ ಇರಬೇಕೆಂದು ತಿಳಿದು, ನಾಲ್ಕು ಗಂಟೆಗೆ ಅವಳ ಮುಂದೆಯೇ ಕೂತು ರೊಟ್ಟಿ ಮುರಿಯುತ್ತಿದ್ದೆನಲ್ಲ!

ಅತ್ತೆ ನಿಲ್ಲಿಸಲಿಲ್ಲ. "ನಾ ಏನ್ ಕಡಿಮಿ ಮಾಡೇನಿ ಅವಗ? ಟೊಪಗಿ ಹರದಿತ್ತು. ತಗೀ ಅಂತ ಇಸಗೊಂಡು ಹೊಲದಕೊಟ್ಟೆ. ಕರಿ ದಾರ ಸಿಗಲಿಲ್ಲ ಅಂತ ಬಿಳಿ ದಾರಲೆ ಹೊಲದೆ. ಅದಕ್ಕ ಸಿಟ್ಟ ಬಂತೋ ಏನೋ ದೊಡ್ಡ ಮನಶ್ಯಾಗ!"

ಆ ಇರುವೆ ಸಾಲಿನ ಹೊಲಿಗೆ! ನನ್ನ ಪರಕರಕ್ಕೂ ಅದೇ ಕೈ ಅದೇ ಹೊಲಿಗೆ ಹಾಕುತ್ತಿತ್ತು, ನನಗೆ ಮೊದಲೇ ತಿಳಿಯಬೇಕಿತ್ತು. ಬುಧವಾರ ಮೂರರವರೆಗೆ ನನ್ನೆದುರು ಖಾಲಿ ಹೊಟ್ಟೆಯಲ್ಲಿ ನಡುಗುತ್ತಿದ್ದ ಕೈ ಇದೇ ಗಂಗಾಳದಲ್ಲಿ ಉಣ್ಣಬೇಕಾದದ್ದು. ರವಿವಾರ ಊರಿಂದ ತಂದ ಕಟಕ್ ರೊಟ್ಟಿ ಮಂಗಳವಾರಕ್ಕೆ ಮುಗಿಯುತ್ತವೆ ಎಂದು ಹುಡುಗರು ಅವನ ಬಗ್ಗೆ ಆಡಿಕೊಂಡದ್ದು ನನ್ನ ಕಿವಿಗೆ ಬಿದ್ದಿತ್ತು. ಅಂದರೆ ಬುಧವಾರ ಅವನ ಹೊಟ್ಟೆಗೆ ಏನೂ ಇಲ್ಲ. ಮೂರು ಗಂಟೆಗೆ ಬಂದು, ಉಂಡು ಮುಗಿಸಿದ ಮನೆಯವರಿಗೆ ಮತ್ತೆ ಒಲೆ ಹೊತ್ತಿಸಲು ಹೇಳುವುದು ಹೇಗೆ ಎಂದು ಅವನು ಸುಮ್ಮನಾಗಿದ್ದಿರಬೇಕು. ಹೊತ್ತು ಬದಲಿಸಿಕೊಡಿ ಎಂದು ಬಾಯಿಬಿಟ್ಟರೆ ಉಂಡ ಮನೆಯ ಗಳ ಎಣಿಸಿದಂತೆ. ಇತ್ತ ಅತ್ತೆ ಅವನು ಬಾರದೆ ತುತ್ತು ಎತ್ತುವವಳಲ್ಲ. ಒಬ್ಬರ ಮರ್ಯಾದೆಗೆ ಇನ್ನೊಬ್ಬರು, ಇಬ್ಬರೂ ಉಪವಾಸ.

ಹೇಳಬೇಕೋ ಬೇಡವೋ ಎಂದು ತೂಗಿ ನೋಡುವ ಸ್ವಭಾವ ನನ್ನದಾಗಿದ್ದರೆ ಅವತ್ತು ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದೆ. ನನ್ನದು ಅಂಥ ಸ್ವಭಾವವಲ್ಲ.

"ಅತ್ತಿ, ಅವಗ ಸೊಕ್ಕಿಲ್ಲ ಬೇ! ಬುಧವಾರ ಹನ್ನೊಂದರಿಂದ ಮೂರು ಗಂಟೇತನಾ ಪ್ರ್ಯಾಕ್ಟಿಕಲ್ ಹಾಕ್ಯಾರ. ಅಂವ ಅಲ್ಲೇ ಹಸಗೊಂಡು ನಿಂತಿರ್ತಾನ. ಕೈ ಹಿಂಗ ಹಿಂಗ ನಡಗತಾವ. ಇವತ್ತ ಗಾಜು ಒಡದ. ನಾಳಿಗಿ ಅವನ್ನ ಸೈನ್ಸಿನಿಂದ ತಗದ ಹಾಕತಾರ."

ಅತ್ತೆ ನನ್ನನ್ನೇ ನೋಡಿದಳು. "ಅಂವನ ಇಂವ ಅಂತ ನಿನಗ ಹೆಂಗ ಗೊತ್ತ?"

"ಟೊಪಗಿ ಹೊಲಿಗಿ ನೋಡೇನಲ್ಲ. ಬಿಳಿ ದಾರದ್ದು."

"ಹೊಲಿಗಿ ಕಾಣುವಷ್ಟ ಹತ್ರ ಕುಂದರ್ತಿ ಏನ?"

ಅಪ್ಪನ ಬಂಡಿ ಕಣ್ಣೆದುರು ಬಂದು ನಿಂತಿತು. ಹೂಂ ಎಂದೆ. ಅತ್ತೆ ಮುಂದೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಬೈಯುವ ಬಾಯಿ ಸುಮ್ಮನಾದರೆ ಅದರಷ್ಟು ಹೆದರಿಕೆ ಬೇರೆ ಇಲ್ಲ.

ಮರುದಿನ ಪಾಠ ಮುಗಿದ ಮೇಲೆ ನನ್ನ ಪುಸ್ತಕ ಮರೆತೆನೆಂಬ ನೆವ ಮಾಡಿಕೊಂಡು ಲ್ಯಾಬಿಗೆ ಹೋದೆ. ಅವನು ಪ್ರೊಫೆಸರರ ಮುಂದೆ ನಿಂತಿದ್ದ. ಹೊರಗೆ ಟಾಂಗಾ ನಿಂತ ಸದ್ದಾಯಿತು. ಕಿಟಕಿಯಿಂದ ನೋಡಿದರೆ ಅತ್ತೆ! ಸೆರಗು ತಲೆ ತುಂಬ ಹೊದ್ದು, ಕೈಯಲ್ಲಿ ಬುತ್ತಿಯ ಗಂಟು ಹಿಡಿದು, ಸೀದಾ ಒಳಗೆ ಬಂದಳು. ನನ್ನನ್ನು ಕರೆದೊಯ್ಯಲೆಂದೇ ಬಂದಳೆಂದು ನಾನು ಪುಸ್ತಕ ಎದೆಗೆ ಅವುಚಿಕೊಂಡೆ.

ಅತ್ತೆ ನನ್ನನ್ನು ನೋಡಲೇ ಇಲ್ಲ. "ಮಾಸ್ತರ್ರ, ನಿಮ್ಮ ಊಟ ಆಗೇತೇನ್ರಿ?" ಎಂದಳು.

ಪ್ರೊಫೆಸರರು ಗಲಿಬಿಲಿಗೊಂಡು ಎದ್ದು ನಿಂತರು. "ಆಯಿತು ತಾಯಿ. ನಾನು ಹತ್ತು ಗಂಟೆಗೇ ಊಟ ಮಾಡಿಕೊಂಡು ಬರುತ್ತೇನೆ."

"ನೀವು ಉಂಡು ಬರ್ತೀರಿ. ನಮ್ಮ ಹುಡುಗಿ ಬುತ್ತಿ ತರ್ತಾಳ. ಈ ಹುಡುಗ ಬುಧವಾರ ಎಲ್ಲಿ ಉಣ್ಣಬೇಕ್ರಿ? ಹನ್ನೆರಡಕ್ಕ ನಮ್ಮ ಮನ್ಯಾಗ ಇವನ ಗಂಗಾಳ ಬಡಿಸಿರ್ತೀನಿ. ನೀವು ಇಲ್ಲಿ ಇವನ್ನ ಹಿಡದ ನಿಲ್ಲಸೀರಿ. ಇಂವ ಬರಲಿಲ್ಲಂತ ನಾನೂ ಉಂಡಿಲ್ಲ. ದಸರಾದಿಂದ ಹಿಂಗ ನಡದೈತಿ. ನಿಮ್ಮ ಸಾಲ್ಯಾಗ ಊಟದ ಹೊತ್ತು ಅನ್ನೂದು ಇಲ್ಲೇನ್ರಿ?"

ಆ ಹುಡುಗ ಮೊದಲ ಸಲ ತಲೆಯೆತ್ತಿದ. ಅತ್ತೆಯ ಮುಖ ನೋಡಿದ.

ಪ್ರೊಫೆಸರರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನಮ್ಮ ಕಡೆ ಶಾಲೆಗೆ, ಕಚೇರಿಗೆ ಹೋಗುವವರೆಲ್ಲ ಹತ್ತಕ್ಕೇ ಊಟ ಮುಗಿಸುತ್ತಾರೆ ತಾಯಿ. ಇಲ್ಲೂ ಹಾಗೇ ಎಂದುಕೊಂಡೆ. ನಾನು ಕೇಳಬೇಕಿತ್ತು." ಆಮೇಲೆ ಹುಡುಗನ ಕಡೆ ತಿರುಗಿ, "ನೀನಾದರೂ ಹೇಳಬಾರದಿತ್ತೇನಪ್ಪಾ?" ಎಂದರು.

"ಹೆಂಗ ಹೇಳಲ್ರಿ?" ಎಂದ ಅವನು. ಅಷ್ಟೇ. ಅದರಲ್ಲಿ ಎಲ್ಲ ಇತ್ತು.

ಅತ್ತೆ ಅವನಿಗೆಂದು ತಂದ ಬುತ್ತಿಯ ಗಂಟನ್ನು ಟೇಬಲ್ಲಿನ ಮೇಲಿಟ್ಟಳು. ಅದು ನಮ್ಮ ಟೇಬಲ್ಲೇ. ಆ್ಯಸಿಡ್ ಬಿದ್ದು ಕರಿಯಾದ ಕಲೆಗಳ ಮೇಲೆ ಕೈಯಾಡಿಸಿ, ಎರಡೂ ಸ್ಟೂಲುಗಳನ್ನು ನೋಡಿದಳು. "ಇಲ್ಲೇ ಏನ ಬೇ?" ಎಂದು ನನ್ನನ್ನು ಕೇಳಿದಳು. ಹೂಂ ಎಂದೆ. ಟಾಂಗಾ ಹತ್ತಿ ಹೊರಟು ಹೋದಳು.

ಅವನನ್ನು ಆರ್ಟ್ಸಿಗೆ ಕಳಿಸುವ ಮಾತು ಅಲ್ಲಿಗೇ ನಿಂತಿತು. ಮುಂದಿನ ವಾರದಿಂದ ಪ್ರ್ಯಾಕ್ಟಿಕಲ್ ಎರಡು ಗಂಟೆಗೆ ಎಂದು ಗೋಡೆಯ ಮೇಲೆ ಬಂತು. ವರ್ಗದಲ್ಲಿ ಪ್ರೊಫೆಸರರು ಒಬ್ಬೊಬ್ಬರನ್ನೂ ಪಕ್ಕಕ್ಕೆ ಕರೆದು ಎಲ್ಲಿ ಉಣ್ಣುತ್ತೀ, ಎಷ್ಟಕ್ಕೆ ಉಣ್ಣುತ್ತೀ ಎಂದು ವಿಚಾರಿಸಿದರು, ಬಿಟ್ಟುಹೋದವರ ಬಗ್ಗೆಯೂ ಕೇಳಿದರು. ಆರ್ಟ್ಸಿಗೆ ಹೋದ ಹಳ್ಳಿ ಹುಡುಗರಲ್ಲಿ ಹೆಚ್ಚಿನವರು ವಾರಾನ್ನದವರೇ ಎಂಬುದು ಆಗ ಹೊರಬಿತ್ತು. ತಲೆ ಇಲ್ಲ ಎಂದು ಪೇಟೆಯ ಹುಡುಗರು ಆಡಿಕೊಂಡದ್ದು ಇವರನ್ನೇ. ಅವರಲ್ಲಿ ಒಬ್ಬ ಮರುವರ್ಷ ಮರಳಿ ಬಂದ, ಉಳಿದವರು ಬರಲಿಲ್ಲ. ಒಂದು ಊಟದ ಹೊತ್ತಿಗಾಗಿ ಯಾರ್ಯಾರು ಏನೇನು ಆಗದೆ ಉಳಿದರೋ.

ಆದರೆ ಆಗ ನನಗೆ ನನ್ನದೇ ಚಿಂತೆ. ರವಿವಾರ ಅಪ್ಪ ಬಂದ. ಜೋಳದ ಚೀಲ ಇಳಿಸಿ, ಕೈಕಾಲು ತೊಳೆದು, ಊಟಕ್ಕೆ ಕೂತ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಪುಸ್ತಕಗಳನ್ನು ಮೊದಲೇ ಕಟ್ಟಿಟ್ಟಿದ್ದೆ. ಹೋಗುವುದೇ ಆದರೆ ಅಳುತ್ತಾ ಪುಸ್ತಕ ಹುಡುಕುವ ಹೆಣ್ಣಾಗಬಾರದೆಂಬ ಹಟ.

"ಬ್ಯಾರೆ ಬೆಂಚ ಐತಿಲ್ಲೋ?" ಅಪ್ಪ ಎಂದಿನಂತೆ ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದಳು. "ಇಲ್ಲ ತಮ್ಮಾ. ನಾ ಸ್ವತಾ ಹೋಗಿ ನೋಡಿ ಬಂದೇನಿ. ಒಂದ ಟೇಬಲ್ಲಿಗಿ ಇಬ್ಬರು ನಿಂದರ್ತಾರ."

ಅಪ್ಪನ ಕೈ ತುತ್ತಿನ ಮೇಲೆ ನಿಂತಿತು. "ಯಾರ ಮಗ್ಗಲಕ ನಿಂದರ್ತಾಳ?"

"ಹಸದಾಂವ ಒಬ್ಬಾಂವ, ಅವನ ಮಗ್ಗಲಕ. ಅಂವ ಹಸದಾನ ಅಂತ ಇಡೀ ಸಾಲ್ಯಾಗ ಒಬ್ಬರಿಗೂ ತಿಳೀಲಿಲ್ಲ, ನಮ್ಮ ಹುಡುಗಿ ಬಂದು ಹೇಳಿದಳು. ಹೇಳಿದ್ರ ತನ್ನ ಸಾಲಿ ಹೋಗ್ತೈತಿ ಅಂತ ಗೊತ್ತಿದ್ದೂ ಹೇಳಿದಳು. ನಮ್ಮ ಮನಿ ಹೆಣ್ಣಮಗಳು ಎಲ್ಲಿ ನಿಂದರಬೇಕೋ ಅಲ್ಲೇ ನಿಂತಾಳ. ಈಗ ಬಂಡಿ ಹೂಡ್ತೀಯೋ, ಇನ್ನೊಂದ ರೊಟ್ಟಿ ಹಾಕಲ್ಯೋ?"

ಅಪ್ಪ ರೊಟ್ಟಿಯ ಚೂರನ್ನು ಗಂಗಾಳದ ಅಂಚಿಗೆ ಸರಿಸಿದ. ಆಮೇಲೆ ಕೇಳಿದ, "ಯಾವೂರಾಂವ?"

"ತಿಕೋಟಾದಾಂವ."

"ಬುಧವಾರಕ್ಕ ಜ್ವಾಳ ಸಾಲತಾವಿಲ್ಲೋ?"

ಅತ್ತೆ ಇನ್ನೊಂದು ರೊಟ್ಟಿ ಹಾಕಿದಳು. ನಾನು ಒಳಗೆ ಹೋಗಿ ಕಟ್ಟಿಟ್ಟ ಪುಸ್ತಕದ ಗಂಟು ಬಿಚ್ಚಿದೆ. ಅಳಬಾರದೆಂಬ ಹಟ ಅಲ್ಲಿ ಮುರಿಯಿತು.

ಬುಧವಾರ ನಾನೂ ಊಟಕ್ಕೆ ಮನೆಗೆ ಬಂದೆ. ಅವನು ಪಡಸಾಲೆಯಲ್ಲಿ ಉಂಡ, ನಾನು ಒಳಗಿದ್ದೆ. ಅವನು ಎದ್ದು ಹೋದ ಮೇಲೆ ಅತ್ತೆಯೂ ನಾನೂ ಎದುರುಬದುರು ಕೂತು ಉಂಡೆವು. ಅತ್ತೆ ಮಧ್ಯಾಹ್ನದ ಹೊತ್ತಿಗೆ ಬಿಸಿ ರೊಟ್ಟಿ ತಿಂದು ಎಷ್ಟು ಬುಧವಾರಗಳಾಗಿದ್ದವೋ.

ಎರಡು ಗಂಟೆಗೆ ಲ್ಯಾಬು. ಹೊಸ ಬ್ಯುರೆಟ್ ಬಂದಿರಲಿಲ್ಲ. ಪ್ರೊಫೆಸರರು ತಮ್ಮದನ್ನೇ ನಮ್ಮ ಟೇಬಲ್ಲಿಗೆ ಕೊಟ್ಟಿದ್ದರು. ಅವನು ತಿರುಪು ಹಿಡಿದ, ನಾನು ಪಾತ್ರೆ ಅಲುಗಾಡಿಸಿದೆ. ಒಮ್ಮೆ ಕುಟ್ಟಿದೆ, ನಿಧಾನವಾದ. ನೀರು ಗುಲಾಬಿಯಾಯಿತು, ಎರಡು ಸಲ ಕುಟ್ಟಿದೆ, ನಿಂತ. ಒಂದು ಹನಿಯೂ ಹೆಚ್ಚಿಲ್ಲ. ಅವನ ಬೆರಳು ನೋಡಿದೆ, ಅಲುಗಾಡುತ್ತಿರಲಿಲ್ಲ.

ಪಕ್ಕದ ಟೇಬಲ್ಲಿನವರು ಕೇಳಿಸಿಕೊಳ್ಳುತ್ತಿದ್ದಾರೆಂಬ ಪರಿವೆಯೂ ಇಲ್ಲದೆ, ಬ್ಯುರೆಟ್ಟಿನ ಮೇಲಿಂದ ಕಣ್ಣು ತೆಗೆಯದೆ, ಅಷ್ಟು ದಿನಗಳಲ್ಲಿ ಮೊದಲ ಸಲ ಅವನು ನನ್ನನ್ನು ಮಾತಾಡಿಸಿದ.

"ನಿಮ್ಮ ಅತ್ತಿಯವರು ಉಂಡ್ರೇನ್ರಿ?"

"ಉಂಡಾಳ್ರಿ" ಎಂದೆ.